ಎರೆಯ ನೆಲದ ಮೇಲೊಂದು ಹುಲ್ಲುಹಾಸು

ಮನೆ ಕಟ್ಟುವವರು ಗೋಡೆಯ ವಿಚಾರವನ್ನು ಮಾಡುವರು, ಮಾಳಿಗೆಯ ವಿಚಾರವನ್ನು ಮಾಡುವರು, ಬಾಗಿಲಿನ ದಿಕ್ಕಿನ ವಿಚಾರವನ್ನಂತೂ ಹತ್ತು ಜನರನ್ನು ಕೇಳಿ ಮಾಡುವರು. ಆದರೆ ಅಂಗಳದ ವಿಚಾರವನ್ನು ಮಾಡುವವರು ವಿರಳ. ಮನೆ ಕಟ್ಟಿ ಮಿಕ್ಕ ಜಾಗವೇ ಅಂಗಳವೆಂದು ನಮ್ಮ ಜನರ ಸಾಮಾನ್ಯ ತಿಳುವಳಿಕೆ. ಆದರೂ ಮನೆಯಲ್ಲಿ ಒಬ್ಬ ವೃದ್ಧರೂ ಒಂದು ಕೂಸೂ ಇದ್ದ ಪಕ್ಷದಲ್ಲಿ ದಿನದ ಅರ್ಧ ಬಾಳು ಅಂಗಳದಲ್ಲಿಯೇ ನಡೆಯುವದೆಂಬದನ್ನು ಸಂಸಾರಿಗಳಾದ ವಾಚಕರಿಗೆ ನಾವು ಹೇಳಬೇಕಾದದ್ದಿಲ್ಲ. ಕೆಂಪು ನೆಲದ ಊರುಗಳಲ್ಲಿ ಈ ಉದಾಸೀನಕ್ಕೆ ಹೆಚ್ಚಿನ ದಂಡ ತೆರಬೇಕಾಗುವದಿಲ್ಲ. ಹುಬ್ಬಳ್ಳಿಯ ಸುತ್ತಿನ ಎರೆಯ ಸೀಮೆಯಲ್ಲಿ ಮಾತ್ರ ಹಾಗಲ್ಲ. ಇಲ್ಲಿ ಮನೆಯವರು ಅಂಗಳವನ್ನು ಮರೆತರೂ ಅಂಗಳವು ಮನೆಯವರನ್ನು ಮರೆಯುವದಿಲ್ಲ.

ಎರೆಯ ಗುಣವು ಒಕ್ಕಲುತನದವರಿಗೆ ಗೊತ್ತು. ಹತ್ತಿ, ಜೋಳ, ಕಡಲೆಗಳಿಗೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಒಮ್ಮೆ ಹೊಟ್ಟೆತುಂಬ ನೀರು ಕುಡಿದರೆ ತಿಂಗಳುಗಟ್ಟಲೆ ಹಿಡಿದುಕೊಂಡು ಬೆಳೆಗೆ ಉಣಿಸುವದು. ಆದರೆ ಬೆಳೆಗೆ ಯಾವದು ಗುಣವೋ ಮನೆಗೆ ಅದೇ ದೋಷ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿಯ ಕಣಗಳು ಹೇರಳವಾಗಿರುತ್ತವೆ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದಾಗಿ ಕೂತಿರುವ ಅವುಗಳ ಪದರುಗಳ ನಡುವೆ ನೀರು ಹೊಕ್ಕರೆ ಹಾಳೆಗಳು ಬಿಚ್ಚಿಕೊಂಡು ಮಣ್ಣು ಉಬ್ಬುವದು. ನೀರು ಆರಿದರೆ ಅವು ಮತ್ತೆ ಮುಚ್ಚಿಕೊಂಡು ಮಣ್ಣು ಕುಗ್ಗುವದು. ಬೇಸಗೆಯಲ್ಲಿ ನಮ್ಮ ಹೊಲಗಳು ಕೈ ಹಿಡಿಸುವಷ್ಟು ಅಗಲವಾಗಿ ಬಾಯಿ ಬಿಡುವದು ಈ ಕಾರಣದಿಂದಲೇ. ಮೇಲಿನ ಒಣಮಣ್ಣು ಬಿರುಕಿನೊಳಗೆ ಉದುರಿ, ಮಳೆ ಬಂದಾಗ ಅದೂ ಉಬ್ಬಿ, ಹೊಲವು ತನ್ನನ್ನು ತಾನೇ ಮಗುಚಿಕೊಳ್ಳುವದು. ಆದುದರಿಂದಲೇ ಮಣ್ಣಿನ ಶಾಸ್ತ್ರಜ್ಞರು ಈ ಬಳಗಕ್ಕೆ, ಹೊರಳಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ, ವರ್ಟಿಸಾಲ್ ಎಂದು ಹೆಸರಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಹೀಗೆ ಮಗ್ಗುಲು ಬದಲಿಸುವ ನೆಲದ ಮೇಲೆ ನಾವು ಸಂಸಾರ ಹೂಡಿರುತ್ತೇವೆ.

ನಮ್ಮ ಮನೆಯ ಮುಂದಿನ ಅಂಗಳವು ಇಪ್ಪತ್ತು ಅಡಿ ಉದ್ದ, ಹದಿಮೂರು ಅಡಿ ಅಗಲ. 2021ನೆಯ ಇಸವಿಯ ಶ್ರಾವಣದಲ್ಲಿ ನಮ್ಮ ತಾಯಿಯವರು ತುಲಸಿಗೆ ನೀರೆರೆಯಲು ಹೋದಾಗ ಎರೆಯ ಕೆಸರಿನಲ್ಲಿ ಕಾಲು ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಅವರಿಗೆ ಆಗ ಎಪ್ಪತ್ತಾರು ವರ್ಷ. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ದಿನಾಲು ಅರ್ಧ ತಾಸು ನಡೆಯದಿದ್ದರೆ ಮೊಣಕಾಲುಗಳು ಹಿಡಿದುಕೊಳ್ಳುವವೆಂದು ವೈದ್ಯರು ಎಚ್ಚರಿಕೆ ಕೊಟ್ಟರು. ಬೀದಿಯಲ್ಲಿ ವಾಹನಗಳ ಭಯ. ಅಂಗಳದಲ್ಲಿ ಕೆಸರಿನ ಭಯ. ನಡುಮನೆಯಲ್ಲಿ ಗೋಡೆ ಹಿಡಿದು ತಿರುಗಾಡುವ ತಾಯಿಯನ್ನು ನೋಡುವದು ಮಕ್ಕಳಿಗೆ ಸುಖದ ನೋಟವಲ್ಲ. ಆದುದರಿಂದ, ಅಂಗಳವನ್ನು ಹನ್ನೆರಡು ತಿಂಗಳೂ ನಡೆಯುವಂತೆ ಮಾಡುವದು ನಮ್ಮ ಮನೆತನಕ್ಕೆ ಶೋಭೆಯ ಪ್ರಶ್ನೆಯಾಗಿರದೆ ಅವಶ್ಯಕತೆಯ ಪ್ರಶ್ನೆಯಾಯಿತು.

ಶಹಾಬಾದದ ಫರ್ಸಿಗಳನ್ನು ಹಾಸಬೇಕೆಂಬದು ಮೊದಲು ಬಂದ ಸೂಚನೆ. ನೆರೆಯವರೊಬ್ಬರ ಅಂಗಳದಲ್ಲಿ ಅವನ್ನು ಹಾಸಿದ್ದರು. ಎರಡು ಮಳೆಗಾಲಗಳಲ್ಲಿ ಒಂದೊಂದು ಫರ್ಸಿಯೂ ಒಂದೊಂದು ಕಡೆಗೆ ವಾಲಿ, ಅಂಚುಗಳು ಎಡವುಗಲ್ಲುಗಳಾಗಿದ್ದವು. ಮೇಲೆ ಪಾಚಿ ಬೇರೆ. ನಿಜವಾದ ಗರಿಕೆಯನ್ನು ಬೆಳೆಸೋಣವೆಂದರೆ, ಬೇಸಗೆಯಲ್ಲಿ ನಳದ ನೀರನ್ನು ತೂಗಿ ಬಳಸುವ ಮನೆ ನಮ್ಮದು. ಮೇಲಾಗಿ ಮಳೆಗಾಲದಲ್ಲಿ ಗರಿಕೆಯ ಕೆಳಗಿನ ಎರೆಯು ಎರೆಯೇ. ಕೊನೆಗೆ ಬೆಂಗಳೂರಿನಲ್ಲಿರುವ ನಮ್ಮ ತಮ್ಮನು ಕೃತಕ ಹುಲ್ಲುಹಾಸಿನ ಮಾತೆತ್ತಿದನು. ತಾಯಿಯವರು ಅದರ ತುಂಡೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ನೀರು ಬ್ಯಾಡನ್ನೋ ಹುಲ್ಲು ಎಂಥಾ ಹುಲ್ಲೋ ತಮ್ಮಾ!” ಎಂದರು. ಆದರೂ ಬೇಡವೆನ್ನಲಿಲ್ಲ.

ಈ ವಸ್ತುವಿನ ಚರಿತ್ರೆಯೂ ವಿನೋದಕರವಾಗಿದೆ. ಅಮೇರಿಕೆಯ ಟೆಕ್ಸಾಸ ಪ್ರಾಂತದ ಹ್ಯೂಸ್ಟನ್ ಪಟ್ಟಣದಲ್ಲಿ 1965ರಲ್ಲಿ ಮೇಲ್ಛಾವಣಿಯುಳ್ಳ ದೊಡ್ಡದೊಂದು ಕ್ರೀಡಾಂಗಣವನ್ನು ಕಟ್ಟಿ ತೆರೆದರು. ಅದರ ಹೆಸರು ಆಸ್ಟ್ರೋಡೋಮ್. ಒಳಗೆ ಹುಲ್ಲು ಬೆಳೆಯಲೆಂದು ಛಾವಣಿಗೆ ಬೆಳಕು ಹಾಯುವ ಫಲಕಗಳನ್ನು ಹಾಕಿದ್ದರು. ಆ ಬೆಳಕಿನ ಕೋರೈಸುವಿಕೆಯಲ್ಲಿ ಆಟಗಾರರಿಗೆ ಚೆಂಡು ಕಾಣದಾಯಿತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. 1966ರಲ್ಲಿ ನೈಲಾನಿನ ಹುಲ್ಲನ್ನು ತಂದು ಹಾಸಿದರು. ಕ್ರೀಡಾಂಗಣದ ಹೆಸರಿನಿಂದ ಅದಕ್ಕೆ ಆಸ್ಟ್ರೋಟರ್ಫ್ ಎಂಬ ಹೆಸರು ಬಂದಿತು. ಹತ್ತು ವರ್ಷಗಳ ತರುವಾಯ, 1976ರ ಮಾಂಟ್ರಿಯಲ್ ಒಲಿಂಪಿಕ್ ಪಂದ್ಯಗಳಲ್ಲಿ, ಹಾಕಿಯನ್ನು ಮೊದಲ ಬಾರಿಗೆ ಇಂಥ ಹಾಸಿನ ಮೇಲೆ ಆಡಿಸಿದರು. 1928ರಿಂದ 1956ರ ವರೆಗೆ ಆರು ಸಲ ಬಿಡದೆ ಬಂಗಾರದ ಪದಕ ಪಡೆದಿದ್ದ ಭಾರತದ ತಂಡವು ಅಂದು ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೈದಾನದಲ್ಲಿ ಕಲಿತ ಕೈಚಳಕಕ್ಕೆ ಹೊಸ ನೆಲವು ಒಗ್ಗಿರಲಿಲ್ಲ. ನೆಲ ಬದಲಾದರೆ ವಿದ್ಯೆಯೂ ಬದಲಾಗಬೇಕೆಂಬ ಈ ಪಾಠವು ಆಟಗಾರರಿಗೆ ಮಾತ್ರವಲ್ಲ, ಹುಲ್ಲುಹಾಸನ್ನು ಹಾಸುವವರಿಗೂ ಸಲ್ಲುವದೆಂದು ನಮಗೆ ಬೇಗನೆ ಗೊತ್ತಾಯಿತು.

2022ನೆಯ ಇಸವಿಯ ಮಾರ್ಚ ತಿಂಗಳಲ್ಲಿ ದೂರದ ಊರಿನಿಂದ ಕೆಲಸದವರು ಬಂದರು. ಅವರ ಹೆಸರು ಇಲ್ಲಿ ಬೇಡ. ಅವರು ಕೆಂಪು ನೆಲದ ಊರಿನವರು, ಚುರುಕಿನ ಜನ. ಮೂರು ಅಂಗುಲ ಮಣ್ಣು ತೆಗೆದು, ಎರಡು ಅಂಗುಲ ಕಲ್ಲುಪುಡಿಯನ್ನು ಎರೆಯ ಮೇಲೆ ನೇರವಾಗಿ ಸುರಿದು ತುಳಿದರು. ಸುತ್ತಲೂ ನಾಲ್ಕು ಅಂಗುಲದ ಪಾಯದ ಮೇಲೆ ಇಟ್ಟಿಗೆ-ಸಿಮೆಂಟಿನ ಅಂಚುಗಟ್ಟೆಯನ್ನು ಆರು ಅಂಗುಲ ಎತ್ತರಕ್ಕೆ ಒಂದೇ ಎಳೆಯಾಗಿ ಕಟ್ಟಿದರು. ಆರೂವರೆ ಅಡಿ ಅಗಲದ ಎರಡು ಪಟ್ಟಿಗಳನ್ನು ಹಾಸಿ, ನಟ್ಟನಡುವೆ ಅಂಟಿಸಿ, ಅಂಚಿಗೆ ಮೊಳೆ ಹೊಡೆದು, ಎರಡೇ ದಿನಗಳಲ್ಲಿ ಕೆಲಸ ಮುಗಿಸಿದರು. ಬಿದ್ದ ಮಳೆಯ ನೀರು ಎತ್ತ ಹೋಗುವದೆಂದು ನಾವು ಕೇಳಿದಾಗ, ಹುಲ್ಲುಹಾಸಿನ ತಳದಲ್ಲಿ ತೂತುಗಳಿವೆ, ನೀರು ತಾನಾಗಿ ಇಳಿದುಹೋಗುವದು ಎಂಬ ಉತ್ತರ ಬಂದಿತು. ತೂತುಗಳೇನೋ ಇದ್ದದ್ದು ನಿಜ. ಅವುಗಳ ಕೆಳಗಿನ ನೆಲವು ನೀರನ್ನು ಎಷ್ಟು ಬೇಗ ಒಳಗೊಳ್ಳುವದೆಂಬದನ್ನು ಅವರು ನೋಡಿರಲಿಲ್ಲ. ಒಣಗಿದ ಎರೆಯ ಬಿರುಕುಗಳು ಮೊದಲ ಮಳೆಯನ್ನು ಗಟಗಟನೆ ಕುಡಿಯುವವು. ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ನೆಲವು ಹಂಡೆಯ ತಳದಂತೆ ನೀರನ್ನು ಮೇಲೆಯೇ ನಿಲ್ಲಿಸುವದು.

ಎರಡು ತಿಂಗಳು ಮನೆಯಲ್ಲಿ ಹಬ್ಬದ ಕಳೆ. ತಾಯಿಯವರು ಬೆಳಿಗ್ಗೆ ಹತ್ತು, ಸಾಯಂಕಾಲ ಹತ್ತು ಸುತ್ತು ನಡೆದರು. ಜೂನಿನಲ್ಲಿ ಮುಂಗಾರು ಹಿಡಿಯಿತು. ಮಾಳಿಗೆಯ ನೀರು ಬೀಳುವ ಮೂಲೆಯಲ್ಲಿ ನೆಲವು ಮೊದಲು ಉಬ್ಬಿ ಅಂಚುಗಟ್ಟೆಯನ್ನು ಎತ್ತಿತು. ಬೇವಿನ ಮರದ ಬದಿಗೆ, ಬೇರುಗಳು ನೀರನ್ನು ಹೀರುವಲ್ಲಿ, ಎತ್ತಲಿಲ್ಲ. ಒಂದು ಕೊನೆ ಏರಿ ಇನ್ನೊಂದು ಕೊನೆ ಕೂತರೆ ಒಂದೇ ಎಳೆಯ ಕಟ್ಟೆಯು ಬಿರಿಯದೆ ಏನು ಮಾಡೀತು? ಮೂರು ಕಡೆ ಬಿರಿಯಿತು. ಬಿರಿಯದೆ ಉಳಿದ ಭಾಗವು ನೀರಿಗೆ ಒಡ್ಡಾಗಿ ಅಂಗಳವನ್ನು ಕೆರೆ ಮಾಡಿತು. ಕಲ್ಲುಪುಡಿಯು ಬೇಸಗೆಯ ಬಿರುಕುಗಳೊಳಗೆ ಇಳಿದುಹೋಗಿ, ಅದರ ಸ್ಥಾನದಲ್ಲಿ ಎರೆಯ ಕೆಸರು ಮೇಲೆದ್ದಿತು. ಒದ್ದೆಯ ನೆಲದಲ್ಲಿ ಮೊಳೆಗಳು ಸಡಿಲಾದವು. ಜುಲೈ ತಿಂಗಳ ಒಂದು ಮುಂಜಾನೆ ನಡುವಿನ ಜೋಡಣೆಯು ಒಂದು ಗೇಣು ಬಾಯಿಬಿಟ್ಟಿತ್ತು. ತಾಯಿಯವರ ಹೆಬ್ಬೆರಳು ಅದರಲ್ಲಿ ಸಿಕ್ಕಿತು. ಸೊಸೆಯು ಪಕ್ಕದಲ್ಲಿ ಇದ್ದುದರಿಂದ ಹಿಡಿದುಕೊಂಡಳು. ಅಂದಿನಿಂದ ಅವರು ಮತ್ತೆ ನಡುಮನೆಯ ಗೋಡೆಗೆ ಮರಳಿದರು.

ಕೆಲಸದವರಿಗೆ ಹೇಳಿಕಳುಹಿಸಿದೆವು. ಇದು ಹುಲ್ಲುಹಾಸಿನ ದೋಷವಲ್ಲ, ನಿಮ್ಮ ನೆಲದ ದೋಷ ಎಂಬ ಮಾತು ಬಂದಿತು, ಅವರು ಬರಲಿಲ್ಲ. ಎಲ್ಲವನ್ನೂ ಕಿತ್ತು ಕಾಂಕ್ರೀಟು ಹಾಕಿಸಬೇಕೆಂದು ತಮ್ಮನು ಹೇಳಿದನು. ಅಂಗಳದ ಗೊಡವೆಯೇ ಬೇಡವೆಂದು ತಾಯಿಯವರು ಹೇಳಿದರು. ಅದೇ ನಮ್ಮನ್ನು ಹೆಚ್ಚು ನೋಯಿಸಿದ ಮಾತು. ಆಗ ನಮ್ಮ ಮನೆಯ ಪಾಯವನ್ನು ಕಟ್ಟಿದ ಮುದಿ ಗೌಂಡಿಯನ್ನು ಕರೆಸಿದೆವು. ಅವನು ಕಟ್ಟೆಯ ಬಿರುಕಿನಲ್ಲಿ ಬೆರಳಿಟ್ಟು ನೋಡಿ, “ಸಾಹೇಬ್ರ, ಎರಿ ಅಂದ್ರ ಉಸಿರಾಡೋ ಭೂಮಿ. ಇದರ ಮ್ಯಾಲ ಕಟ್ಟಬಾರದು ಅಂತಲ್ಲ. ಇದರ ಉಸಿರು ಹಿಡದು ಕಟ್ಟಬಾರದು,” ಎಂದನು. ಕಾಂಕ್ರೀಟು ಹಾಕಿದರೂ ಅದು ಹಪ್ಪಳದಂತೆ ಒಡೆಯುವದೆಂದೂ, ಮಳೆಗಾಲ ಮುಗಿದು ನೆಲವು ಹದಕ್ಕೆ ಬರುವವರೆಗೆ ಸಲಿಕೆ ಮುಟ್ಟಬಾರದೆಂದೂ ಹೇಳಿದನು. ಹಿಂಗಾರು ಮುಗಿಯುವವರೆಗೆ ಕಾದೆವು. ಡಿಸೆಂಬರಿನಲ್ಲಿ ಅವನು ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ಮೊಣಕಾಲೆತ್ತರದಿಂದ ಕೆಡವಿದನು. ಉಂಡೆ ಕೈಯಲ್ಲಿ ನಿಲ್ಲಬೇಕು, ನೆಲಕ್ಕೆ ಬಿದ್ದರೆ ಒಡೆಯಬೇಕು; ಅದೇ ಹದ. ಪೂರ್ತಿ ಒಣಗಿದಾಗ ಕಟ್ಟಿದರೆ ನೆಲವು ಮುಂದೆ ಉಬ್ಬುವದು. ಪೂರ್ತಿ ನೆನೆದಾಗ ಕಟ್ಟಿದರೆ ಮುಂದೆ ಕುಗ್ಗುವದು. ನಡುವಿನ ಹದದಲ್ಲಿ ಹಿಡಿದರೆ ಎರಡೂ ಕಡೆಗೆ ಅಲುಗಾಟ ಅರ್ಧವಾಗುವದು.

ಇನ್ನು ಕೆಲಸದ ಕ್ರಮವನ್ನು ತುಸು ವಿಸ್ತಾರವಾಗಿ ಹೇಳುವೆವು. ಎರೆಯ ಸೀಮೆಯ ಗೃಹಸ್ಥರಿಗೆ ಇದು ಉಪಯೋಗಕ್ಕೆ ಬಂದೀತು. ಹುಲ್ಲುಹಾಸನ್ನು ಹರಿಯದೆ, ಮೊಳೆಗಳನ್ನು ಒಂದೊಂದಾಗಿ ಕಿತ್ತು, ಚಾಪೆಯಂತೆ ಸುರುಳಿ ಸುತ್ತಿ ನೆರಳಿನಲ್ಲಿಟ್ಟೆವು. ಹಳೆಯ ಕಟ್ಟೆಯನ್ನೂ ಕೆಸರು ಬೆರೆತ ಕಲ್ಲುಪುಡಿಯನ್ನೂ ಹೊರಹಾಕಿ ಒಂಬತ್ತು ಅಂಗುಲ ಅಗೆಸಿದೆವು. ಅಗೆದ ತಳಕ್ಕೆ ಮನೆಯ ಕಡೆಯಿಂದ ಹೊರಗೋಡೆಯ ಕಡೆಗೆ ಐದು ಅಡಿಗೆ ಒಂದು ಅಂಗುಲದಂತೆ ಇಳಿಜಾರು ಕೊಟ್ಟರು. ಇದು ನಡೆಯುವವರ ಕಾಲಿಗೆ ತಿಳಿಯುವದಿಲ್ಲ, ನೀರಿಗೆ ಮಾತ್ರ ತಿಳಿಯುವದು. ಇಳಿಜಾರಿನ ಕೆಳಬದಿಗೆ ತೂತುಗಳುಳ್ಳ ಕೊಳವೆಯನ್ನು ಬಟ್ಟೆ ಸುತ್ತಿ, ಖಡಿಯೊಳಗೆ ಹುಗಿದು, ಬೀದಿಯ ಚರಂಡಿಗೆ ಒಯ್ದು ಬಿಟ್ಟರು. ಮಾಳಿಗೆಯ ನೀರಿಗೆ ಬೇರೆಯೇ ಕೊಳವೆ ಹಾಕಿ ಅಂಗಳದ ಹೊರಗೆ ಒಯ್ದರು. ಎರೆಯಲ್ಲಿ ಮನೆಯ ಪಾಯದ ಹತ್ತಿರ ನೀರು ಇಂಗಿಸುವದು ಕೇಡು.

ತಳದ ಮೇಲೆ ಒತ್ತಾದ ನೆಲಬಟ್ಟೆಯನ್ನು, ಒಂದರ ಮೇಲೊಂದು ಒಂದು ಅಡಿ ಬರುವಂತೆ ಹಾಸಿದರು. ಈ ಬಟ್ಟೆಯು ನೀರನ್ನು ಬಿಡುವದು, ಮಣ್ಣನ್ನು ಬಿಡುವದಿಲ್ಲ; ಆದುದರಿಂದ ಮೇಲಿನ ಖಡಿ ಎರೆಯೊಳಗೆ ಮುಳುಗದು, ಕೆಳಗಿನ ಎರೆ ಖಡಿಯೊಳಗೆ ಏರದು. ಮೊದಲ ಸಲ ಆಗಬೇಕಾಗಿದ್ದು, ಆಗದೆ ಉಳಿದದ್ದು ಮುಖ್ಯವಾಗಿ ಇದೇ. ಬಟ್ಟೆಯ ಮೇಲೆ ನಾಲ್ಕು ಅಂಗುಲ ಗರಸನ್ನು ಎರಡು ಸಲಕ್ಕೆ ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದರು. ಅದರ ಮೇಲೆ ಮೂರು ಅಂಗುಲ ಖಡಿ. ಎಲ್ಲಕ್ಕೂ ಮೇಲೆ ಒಂದು ಅಂಗುಲ ಸಣ್ಣ ಖಡಿ. ಉದ್ದನೆಯ ಹಲಗೆಯನ್ನು ಎಳೆದು ಮಟ್ಟ ಮಾಡಿದ ಮೇಲೆ, ಬರಿಗಾಲಿನಿಂದ ನಡೆದು ನೋಡಿರೆಂದು ಗೌಂಡಿಯು ನಮಗೆ ಹೇಳಿದನು. ಹುಲ್ಲುಹಾಸು ತಗ್ಗುದಿಣ್ಣೆಗಳನ್ನು ಮುಚ್ಚುವದಿಲ್ಲ, ಬರಿಯ ಬಣ್ಣ ಹಚ್ಚಿ ತೋರಿಸುವದು.

ಅಂಚುಗಟ್ಟೆಯ ವಿಷಯದಲ್ಲಿ ಗೌಂಡಿಯ ಬುದ್ಧಿ ಪೂರ್ತಿ ತಿಳಿಯಿತು. ಪಾಯವನ್ನು ಹದಿನೆಂಟು ಅಂಗುಲ ಇಳಿಸಿ, ತಳಕ್ಕೆ ಗರಸು ಬಡಿದು, ಕಟ್ಟೆಯನ್ನು ಒಂದೇ ಎಳೆಯಾಗಿ ಕಟ್ಟದೆ ಐದೈದು ಅಡಿಯ ತುಂಡುಗಳಾಗಿ ಕಟ್ಟಿದನು. ತುಂಡು ತುಂಡಿಗೆ ಬೆರಳು ತೂರುವಷ್ಟು ಸಂದು. ಸಂದಿಗೆ ಸಿಮೆಂಟಲ್ಲ, ಮೆತ್ತನೆಯ ರಬ್ಬರಿನಂಥ ಪಟ್ಟಿ. ನೆಲ ಎದ್ದರೆ ಒಂದು ತುಂಡು ತುಸು ಏಳುವದು, ಮತ್ತೆ ಕೂಡುವದು, ಬಿರಿಯುವ ಪ್ರಸಂಗವಿಲ್ಲ. ಮೂರು ಮೂರು ಅಡಿಗೆ ಕಟ್ಟೆಯ ಬುಡದಲ್ಲಿ ನೀರು ಹೋಗುವ ಕಂಡಿ ಬಿಟ್ಟನು. ಮೇಲಿನ ಅಂಚನ್ನು ದುಂಡಗೆ ಮಾಡಿ, ಮುಸ್ಸಂಜೆಯಲ್ಲಿಯೂ ಕಾಣುವಂತೆ ಸುಣ್ಣದ ಬಿಳುಪು ಬಳಿದನು. ಮೆಟ್ಟಿಲ ಎದುರಿಗೆ ನಾಲ್ಕು ಅಡಿ ಕಟ್ಟೆಯನ್ನೇ ಇಡಲಿಲ್ಲ; ವೃದ್ಧರ ಕಾಲು ಕಟ್ಟೆ ದಾಟುವ ಕೆಲಸವೇ ಬೇಡವೆಂದನು.

ಹೊರಗೋಡೆಯ ಬದಿಗೆ ಎರಡು ಅಡಿ ಅಗಲದ ನೆಲವನ್ನು ಹಾಸಿಲ್ಲದೆ ಉಳಿಸಿದೆವು. ಇದಕ್ಕೆ ಎರಡು ಕಾರಣ. ಒಂದು, ತಾಯಿಯವರಿಗೆ ತುಲಸಿ-ಚೆಂಡುಹೂಗಳಿಗೆ ಮಣ್ಣು ಬೇಕಾಗಿತ್ತು. ಎರಡನೆಯದು, ಹಾಸಿನ ಅಗಲ ಹನ್ನೊಂದು ಅಡಿಯಾದರೆ ಒಂದು ಪಟ್ಟಿ ಆರೂವರೆ ಅಡಿ, ಇನ್ನೊಂದನ್ನು ಕತ್ತರಿಸಿ ನಾಲ್ಕೂವರೆ ಅಡಿ. ಜೋಡಣೆಯು ನಡುದಾರಿಯಿಂದ ಬದಿಗೆ ಸರಿಯುವದು, ತಾಯಿಯವರಿಗೆ ಅಖಂಡವಾದ ಅಗಲ ಪಟ್ಟಿ ನಡೆಯಲು ಸಿಗುವದು. ಕತ್ತರಿಸಿ ಉಳಿದ ಪಟ್ಟಿಯೂ ವ್ಯರ್ಥವಾಗಲಿಲ್ಲ. ಕಿತ್ತುಹೋದ ಎರಡು ಜಾಗಗಳಿಗೆ ಅದರಿಂದಲೇ ತೇಪೆ ಹಾಕಿದೆವು.

ತೇಪೆಯ ಬಗೆಯನ್ನು ಹೆಣ್ಣುಮಕ್ಕಳು ಬೇಗ ತಿಳಿಯುವರು. ಕವದಿಯ ಕೆಲಸಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಹುಲ್ಲಿನ ಎಸಳುಗಳು ಒಂದು ಕಡೆಗೆ ವಾಲಿರುತ್ತವೆ. ತೇಪೆಯೂ ಹಾಸೂ ಒಂದೇ ಕಡೆಗೆ ವಾಲಬೇಕು. ಇಲ್ಲದಿದ್ದರೆ ಬಣ್ಣವೇ ಬೇರೆಯಾಗಿ ಕಾಣುವದು. ಚೂರಿಯನ್ನು ಮೇಲಿನಿಂದ ಆಡಿಸದೆ, ಮಗುಚಿ, ಬೆನ್ನಿನ ಮೇಲಿನ ಹೊಲಿಗೆಯ ಸಾಲುಗಳ ನಡುವೆ ಆಡಿಸಬೇಕು. ಜೋಡಣೆಯ ಕೆಳಗೆ ಅಡಿ ಅಗಲದ ಪಟ್ಟಿಯನ್ನಿಟ್ಟು ಅಂಟು ಹಚ್ಚಿ, ಎರಡು ಅಂಚುಗಳ ನಡುವಿನ ಅಂತರವು ಹೊಲಿಗೆಯ ಸಾಲುಗಳ ಅಂತರದಷ್ಟೇ ಇರುವಂತೆ ಕೂಡಿಸಿ, ಎಸಳುಗಳು ಅಂಟಿನಲ್ಲಿ ಸಿಗದಂತೆ ಬೆರಳಿನಿಂದ ಬಿಡಿಸಿ, ಮೇಲೆ ಭಾರವಿಟ್ಟು ಒಂದು ದಿನ ಬಿಡಬೇಕು. ತೇವದ ಹೊತ್ತಿನಲ್ಲಿ ಈ ಕೆಲಸ ಕೂಡದು. ಅಂಚನ್ನು ಈ ಸಲ ನೆಲಕ್ಕೆ ಮೊಳೆ ಹೊಡೆಯದೆ ಕಟ್ಟೆಯ ಒಳಮೈಗೆ ಬಿಗಿದ ಪಟ್ಟಿಗೆ ಹಿಡಿಸಿದೆವು; ಬಿಸಿಲಿಗೆ ಪ್ಲಾಸ್ಟಿಕ್ಕು ಹಿಗ್ಗುವದರಿಂದ ಕಟ್ಟೆಗೂ ಹಾಸಿಗೂ ನಡುವೆ ಕಾಳಿನಷ್ಟು ಜಾಗ ಬಿಟ್ಟೆವು. ಕೊನೆಗೆ ತೊಳೆದು ಒಣಗಿಸಿದ ಬಿಳಿಯ ಉಸುಕನ್ನು ಚದರ ಅಡಿಗೆ ಸುಮಾರು ಅರ್ಧ ಕಿಲೋದಂತೆ, ಒಟ್ಟು 110 ಕಿಲೋ, ಎರಚಿ ಕಸಬರಿಗೆಯಿಂದ ಎಸಳುಗಳ ಬುಡಕ್ಕೆ ಇಳಿಸಿದೆವು. ಹಾಸು ಏಳದಂತೆ ಹಿಡಿಯುವದೂ ಎಸಳನ್ನು ನಿಲ್ಲಿಸುವದೂ ಈ ಉಸುಕೇ. ಹುಲ್ಲುಹಾಸಿಗೆ ಕೊಟ್ಟ ಹಣಕ್ಕಿಂತ ಅದರ ಕೆಳಗಿನ ಕೆಲಸಕ್ಕೆ ಕೊಟ್ಟ ಹಣವೇ ಹೆಚ್ಚಾಯಿತು. ಎರೆಯ ಸೀಮೆಯಲ್ಲಿ ಅದೇ ಸರಿಯಾದ ಲೆಕ್ಕವೆಂದು ನಮ್ಮ ಮತ.

ಇಷ್ಟಾದರೂ ಇದರ ಅವಗುಣಗಳನ್ನು ಮುಚ್ಚಿಡುವದು ನ್ಯಾಯವಲ್ಲ. ಬೇಸಗೆಯ ಮಧ್ಯಾಹ್ನ ಈ ಹಾಸಿನ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವದುಂಟು. ನಿಜವಾದ ಹುಲ್ಲು ತನ್ನೊಳಗಿನ ನೀರನ್ನು ಆವಿಯಾಗಿ ಬಿಟ್ಟು ತಂಪಾಗಿರುವದು, ಇದಕ್ಕೆ ಆ ಶಕ್ತಿಯಿಲ್ಲ. ಬರಿಗಾಲಿನ ಕೂಸನ್ನು ಆ ಹೊತ್ತಿಗೆ ಬಿಡಬಾರದು. ನೀರು ಚಿಮುಕಿಸಿದರೆ ತಂಪಾಗುವದು, ಆದರೆ ಸ್ವಲ್ಪ ಹೊತ್ತಿಗೆ ಮಾತ್ರ. ಇದರ ಆಯುಷ್ಯವು ಹೆಚ್ಚೆಂದರೆ ಹತ್ತು ಹದಿನೈದು ವರ್ಷ; ಆಮೇಲೆ ಇದು ಮಣ್ಣಾಗುವ ವಸ್ತುವಲ್ಲ. ಎಸಳುಗಳು ಸವೆದು ಕಣ್ಣಿಗೆ ಕಾಣದ ಪುಡಿಯಾಗಿ ನೀರಿನೊಡನೆ ಹೋಗುವವು. ಉಸುಕಿನ ಬದಲು ರಬ್ಬರಿನ ಹರಳು ತುಂಬುವ ಪದ್ಧತಿಯೂ ಇದೆ. ಯುರೋಪದ ಒಕ್ಕೂಟವು 2023ರಲ್ಲಿ ಇಂಥ ಸೂಕ್ಷ್ಮ ಪ್ಲಾಸ್ಟಿಕ್ಕಿನ ಹರಳುಗಳ ಮಾರಾಟವನ್ನು ನಿಷೇಧಿಸಿ, ಆಟದ ಮೈದಾನಗಳಿಗೆ 2031ರ ವರೆಗೆ ಅವಧಿ ಕೊಟ್ಟಿದೆ. ಆದುದರಿಂದ ಹಸುರು ಕಾಣಲೆಂಬ ಒಂದೇ ಆಸೆಯಿಂದ ಇದನ್ನು ಹಾಸುವವರಿಗೆ, ಬೇಡ, ಒಂದು ಬೇವಿನ ಸಸಿಯನ್ನು ನೆಡಿರಿ ಎಂದು ಹೇಳುವೆವು. ನಡೆಯಬೇಕಾದ ಕಾಲುಗಳು ಮನೆಯಲ್ಲಿದ್ದು, ಬೇರೆ ದಾರಿ ಕಾಣದಿದ್ದರೆ, ಬೇಕಾದಷ್ಟೇ ಹಾಸಿರಿ, ಉಳಿದದ್ದನ್ನು ಮಣ್ಣಿಗೆ ಬಿಡಿರಿ ಎಂದು ಹೇಳುವೆವು.

ದುರಸ್ತಿಯಾದ ಮೇಲೆ ಮೂರು ಮಳೆಗಾಲಗಳು ಕಳೆದಿವೆ. ಕಟ್ಟೆಯ ಎರಡು ತುಂಡುಗಳು ಪ್ರತಿ ಜುಲೈಯಲ್ಲಿ ಒಂದು ಕಾಳಿನಷ್ಟು ಏಳುವವು, ಬೇಸಗೆಯಲ್ಲಿ ಕೂಡುವವು, ಬಿರುಕಿಲ್ಲ. ಅಂಗಳದಲ್ಲಿ ನೀರು ನಿಂತಿಲ್ಲ. ಹೊರಬದಿಯ ಮಣ್ಣಿನ ಪಟ್ಟಿಗೆ ಬೇಸಗೆಯಲ್ಲಿಯೂ ವಾರಕ್ಕೆರಡು ಸಲ ಪಾತ್ರೆ ತೊಳೆಯುವ ಮುನ್ನ ತರಕಾರಿ ತೊಳೆದ ನೀರನ್ನು ಹಾಕುತ್ತೇವೆ. ಇದರಿಂದ ಹೂಗಳು ಬದುಕುವದಲ್ಲದೆ ಕಟ್ಟೆಯ ಬುಡದ ಎರೆಯು ಬಾಯಿಬಿಡದೆ ಹದದಲ್ಲಿರುವದು. ತಾಯಿಯವರು ಮೊದಲ ವಾರ ಸೊಸೆಯ ಕೈ ಹಿಡಿದು ನಡೆದರು; ಎರಡನೆಯ ವಾರ ಕೋಲು ಹಿಡಿದು; ಸಂಕ್ರಾಂತಿಯ ಹೊತ್ತಿಗೆ ಕೋಲನ್ನು ಕಟ್ಟೆಗೆ ಆನಿಸಿಟ್ಟು ನಡೆದರು. ಈಗ ಎಂಬತ್ತರ ಸಮೀಪದಲ್ಲಿ ದಿನಕ್ಕೆ ಇಪ್ಪತ್ತು ಸುತ್ತು ನಡೆಯುತ್ತಾರೆ. ಚಳಿಗಾಲದ ಒಂದು ಬೆಳಿಗ್ಗೆ ಹಾಸಿನ ಮೇಲಿನ ಮಂಜನ್ನು ಕಾಲಿನಿಂದ ಸವರಿ, “ಮಂಜು ಇದರ ಮ್ಯಾಲೂ ಬೀಳತೈತಿ. ಆದರ ಇದಕ್ಕ ಗೊತ್ತಾಗಂಗಿಲ್ಲ,” ಎಂದು, ಎರಡು ಹೆಜ್ಜೆ ಆಚೆ ಹೋಗಿ ತುಲಸಿಯ ಬುಡದ ಮಣ್ಣನ್ನು ಬೆರಳಿನಿಂದ ಸಡಿಲಿಸಿದರು.

ವಾಚಕರಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವದಿದ್ದರೆ, ಹುಲ್ಲಿನ ಮಾದರಿಗಳನ್ನು ನೋಡುವ ಮೊದಲು ಒಂದು ಮಳೆಗಾಲವೂ ಒಂದು ಬೇಸಗೆಯೂ ತಮ್ಮ ಅಂಗಳವನ್ನು ನೋಡಲಿ: ನೀರು ಎಲ್ಲಿ ನಿಲ್ಲುವದು, ಬಿರುಕು ಎಲ್ಲಿ ಬೀಳುವದು, ಮರದ ಬೇರು ಎತ್ತ ಹಾಯುವದು ಎಂಬದನ್ನು ಗುರುತಿಸಿಕೊಳ್ಳಲಿ. ಆ ಮೇಲೆ ಊರಿನ ಹಳೆಯ ಗೌಂಡಿಯೊಬ್ಬನನ್ನು ಕರೆದು, ಚಹಾ ಕೊಟ್ಟು, ನೆಲವನ್ನು ತೋರಿಸಲಿ. ಹಾಸುವವರು ಎಲ್ಲಿಂದಲಾದರೂ ಬರಲಿ. ನೆಲದ ಮಾತನ್ನು ಬಲ್ಲವನು ಮಾತ್ರ ಆ ನೆಲದವನೇ ಆಗಿರಬೇಕು.